ಹಳೇ ಮೇಲ್ ಭಂಡಾರ ಒಂದೇ, ತೆರೆಯುವ ಕಂಪ್ಯೂಟರ್ ಮೂರು

ಕೊಡಗಿನ ತೋಟದ ಮನೆಗಳಲ್ಲಿ ಈಗ ಒಂದೇ ಕಂಪ್ಯೂಟರ್ ಇರುವುದು ಕಡಿಮೆ. ತೋಟದ ಆಫೀಸಿನಲ್ಲಿ ರೈಟರ್ (ಲೆಕ್ಕ ಬರೆಯುವ ಗುಮಾಸ್ತ) ಕೂರುವ ಮೇಜಿನ ಮೇಲೊಂದು ಡೆಸ್ಕ್‌ಟಾಪ್, ಮನೆಯಲ್ಲಿ ಯಜಮಾನರ ಲ್ಯಾಪ್‌ಟಾಪ್, ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಇರುವ ಮಗಳ ಹತ್ತಿರ ಇನ್ನೊಂದು. ಹೋಮ್‌ಸ್ಟೇ ಬುಕಿಂಗ್, ಕಾಫಿ ಹದ ಮಾಡುವ ಕ್ಯೂರಿಂಗ್ ವರ್ಕ್ಸ್‌ನಿಂದ ಬಂದ ಔಟ್‌ಟರ್ನ್ (ಕೊಟ್ಟ ಕಾಫಿಗೆ ಎಷ್ಟು ಬೀಜ ಸಿಕ್ಕಿತು ಎಂಬ) ಲೆಕ್ಕ, ಬ್ಯಾಂಕ್ ಸ್ಟೇಟ್‌ಮೆಂಟ್, ಆಡಿಟರ್ ಕೇಳುವ ಬಿಲ್ಲುಗಳು ಎಲ್ಲ ಬಂದು ಬೀಳುವುದು ಒಂದೇ ಇಮೇಲ್ ವಿಳಾಸಕ್ಕೆ. ಇವತ್ತು ಬಂದ ಮೇಲ್ ಮೂರು ಕಡೆಯೂ ಕಾಣುತ್ತದೆ. 2014ರ ಮೇಲ್ ಬೇಕೆಂದಾಗ ಗೊತ್ತಾಗುತ್ತದೆ, ಅದು ತೋಟದ ಡೆಸ್ಕ್‌ಟಾಪಿನಲ್ಲಿ ಮಾತ್ರ ಇದೆ ಅಂತ. ಕಕ್ಕಡದ (ಜುಲೈ-ಆಗಸ್ಟ್‌ನ ಕೊಡವ ತಿಂಗಳು) ಮಳೆಯಲ್ಲಿ ಎರಡು ದಿನದಿಂದ ಕರೆಂಟ್ ಇಲ್ಲದಿದ್ದರೆ ಅಲ್ಲಿಯೂ ಇಲ್ಲ ಅಂತಲೇ ಲೆಕ್ಕ.

ಇದಕ್ಕೆ ಬಹಳ ಜನ ಮಾಡುವ ಉಪಾಯ ಪೆನ್‌ಡ್ರೈವ್. ಮೇಲ್ ಫೈಲನ್ನು ಒಂದರಿಂದ ಇನ್ನೊಂದಕ್ಕೆ ಹೊತ್ತು ಹಾಕುವುದು. ಆರು ತಿಂಗಳಲ್ಲಿ ಮೂರು ಕಂಪ್ಯೂಟರಿನಲ್ಲಿ ಮೂರು ಬೇರೆ ಬೇರೆ ಭಂಡಾರಗಳಾಗಿ, ಯಾವುದು ಸರಿ ಅಂತ ಯಾರಿಗೂ ಗೊತ್ತಿರುವುದಿಲ್ಲ. ನನ್ನ ಅಭಿಪ್ರಾಯ ಇಷ್ಟೆ: ಅಸಲು ಪ್ರತಿ ಒಂದೇ ಜಾಗದಲ್ಲಿ ಇರಬೇಕು, ಆ ಜಾಗ ನಿಮ್ಮ ಯಾವ ಕಂಪ್ಯೂಟರೂ ಆಗಿರಬಾರದು. ಅಲ್ಲಿಗೆ ತಲುಪುವ ದಾರಿಯನ್ನು ಕೆಳಗೆ ಒಂದೊಂದಾಗಿ ಹೇಳುತ್ತೇನೆ.

ಮೊದಲು ಮೇಲ್ ಎಲ್ಲಿ ಕೂತಿದೆ ಅಂತ ನೋಡಿ

ಮೇಲ್ ಓದಲು ಥಂಡರ್‌ಬರ್ಡ್ ಎಂಬ ಪ್ರೋಗ್ರಾಂ ಬಳಸುವವರು ಅಕೌಂಟ್ ಸೆಟ್ಟಿಂಗ್ಸ್ ತೆರೆದು ಸರ್ವರ್ ಸೆಟ್ಟಿಂಗ್ಸ್ ಒತ್ತಿ. ಮೇಲ್ಗಡೆಯೇ ‘ಸರ್ವರ್ ಟೈಪ್’ ಎಂದಿರುತ್ತದೆ. ಔಟ್‌ಲುಕ್‌ನಲ್ಲಿ ಫೈಲ್ ಮೆನುವಿನ ಅಕೌಂಟ್ ಸೆಟ್ಟಿಂಗ್ಸ್ ತೆರೆದರೆ ವಿಳಾಸದ ಪಕ್ಕದ ‘ಟೈಪ್’ ಕಾಲಂನಲ್ಲಿ ಅದೇ ಮಾಹಿತಿ. ಅಲ್ಲಿ ಸಾಮಾನ್ಯವಾಗಿ ಎರಡರಲ್ಲಿ ಒಂದು ಪದ ಇರುತ್ತದೆ: ಪಾಪ್ ಅಥವಾ ಐಮ್ಯಾಪ್.

ಪಾಪ್ ಪದ್ಧತಿ 1984ರಷ್ಟು ಹಳೆಯದು. ಫೋನ್ ಲೈನಿನಲ್ಲಿ ಡಯಲ್ ಮಾಡಿ, ಬಂದ ಮೇಲನ್ನೆಲ್ಲ ಎಳೆದುಕೊಂಡು, ಬಿಲ್ ಏರುವ ಮುಂಚೆ ಲೈನ್ ಕತ್ತರಿಸುವ ಕಾಲಕ್ಕೆ ಅದು ಹೇಳಿ ಮಾಡಿಸಿದ್ದು. ಎಳೆದುಕೊಂಡ ಮೇಲೆ ಮೇಲ್ ಆ ಕಂಪ್ಯೂಟರಿನ ಸ್ವತ್ತು. ಐಮ್ಯಾಪ್ ಅನ್ನು ಸ್ಟ್ಯಾನ್‌ಫರ್ಡ್‌ನಲ್ಲಿದ್ದ ಮಾರ್ಕ್ ಕ್ರಿಸ್ಪಿನ್ 1986ರಲ್ಲಿ ರೂಪಿಸಿದರು. ಅದರಲ್ಲಿ ಮೇಲ್, ಫೋಲ್ಡರ್, ಓದಿದ್ದು ಓದದ್ದು ಎಂಬ ಗುರುತು, ಎಲ್ಲವೂ ಸರ್ವರ್‌ನಲ್ಲೇ, ಅಂದರೆ ಮೇಲ್ ಕೊಡುವ ಕಂಪನಿಯ ಕಂಪ್ಯೂಟರಿನಲ್ಲೇ ಉಳಿಯುತ್ತವೆ. ಕಂಪ್ಯೂಟರ್ ಅದನ್ನು ತೋರಿಸುತ್ತದೆ, ಬೇಕಾದರೆ ಒಂದು ನಕಲನ್ನೂ ಇಟ್ಟುಕೊಳ್ಳುತ್ತದೆ.

ನಿಮ್ಮದು ಪಾಪ್ ಆಗಿದ್ದರೆ ಇನ್ನೊಂದು ಸಾಲು ನೋಡಿ: ‘ಲೀವ್ ಮೆಸೇಜಸ್ ಆನ್ ಸರ್ವರ್’. ಅದರ ಕೆಳಗೆ 14 ದಿನ ಎಂಬ ಮಿತಿ ಇರುವುದು ಮಾಮೂಲು. ‘ಲ್ಯಾಪ್‌ಟಾಪಿನಲ್ಲಿ ಎರಡು ವಾರದ ಮೇಲ್ ಮಾತ್ರ ಕಾಣುತ್ತದೆ, ಮೊದಲಿನದು ಎಲ್ಲಿ ಹೋಯಿತು’ ಅಂತ ಕೇಳುವವರ ಮನೆಯಲ್ಲಿ ಮುಕ್ಕಾಲು ಪಾಲು ಕಾರಣ ಇದೇ. ತೋಟದ ಡೆಸ್ಕ್‌ಟಾಪ್ ಎಳೆದುಕೊಂಡು, 14 ದಿನ ಕಾದು, ಸರ್ವರ್‌ನಿಂದ ಅಳಿಸಿದೆ. ನೀವು ಕಳಿಸಿದ ಮೇಲ್‌ಗಳಂತೂ ಪಾಪ್‌ನಲ್ಲಿ ಸಾಮಾನ್ಯವಾಗಿ ಬೇರೆ ಕಂಪ್ಯೂಟರಿಗೆ ಹೋಗುವುದಿಲ್ಲ. ಯಾವುದರಲ್ಲಿ ಬರೆದಿರೋ ಅದರಲ್ಲೇ.

ಪಾಪ್ ಅಕೌಂಟನ್ನು ಅಲ್ಲೇ ಐಮ್ಯಾಪ್ ಆಗಿ ಬದಲಿಸಲು ಬರುವುದಿಲ್ಲ. ಅದೇ ವಿಳಾಸವನ್ನು ಐಮ್ಯಾಪ್ ಎಂದು ಹೊಸದಾಗಿ ಸೇರಿಸಬೇಕು. ಆದರೆ ಅದಕ್ಕೂ ಮುಂಚೆ ಎರಡು ಕೆಲಸ ಇವೆ.

ಮುಟ್ಟುವ ಮುಂಚೆ ಒಂದು ನಕಲು

ಮೇಲ್ ಪ್ರೋಗ್ರಾಂ ಪೂರ್ತಿ ಮುಚ್ಚಿ. ಥಂಡರ್‌ಬರ್ಡ್ ಆದರೆ, ಮುಚ್ಚುವ ಮುಂಚೆ ಹೆಲ್ಪ್ ಮೆನುವಿನ ‘ಟ್ರಬಲ್‌ಶೂಟಿಂಗ್ ಇನ್ಫರ್ಮೇಶನ್’ ತೆರೆದು ಮೇಲೆಲ್ಲ ಇರುವ ಪ್ರೊಫೈಲ್ ಫೋಲ್ಡರ್ ಎಲ್ಲಿದೆ ಎಂದು ಗುರುತು ಹಾಕಿಕೊಳ್ಳಿ. ಆ ಇಡೀ ಫೋಲ್ಡರನ್ನು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಿಗೆ ನಕಲು ಮಾಡಿ. ಔಟ್‌ಲುಕ್ ಆದರೆ ಅಕೌಂಟ್ ಸೆಟ್ಟಿಂಗ್ಸ್‌ನ ‘ಡೇಟಾ ಫೈಲ್ಸ್’ ಭಾಗದಲ್ಲಿ ಪಿಎಸ್‌ಟಿ (ಔಟ್‌ಲುಕ್ ಮೇಲ್ ಕೂಡಿಡುವ) ಫೈಲುಗಳ ಪಟ್ಟಿ, ಜಾಗ ಎರಡೂ ಸಿಗುತ್ತವೆ. ಸಾಮಾನ್ಯವಾಗಿ ಡಾಕ್ಯುಮೆಂಟ್ಸ್ ಒಳಗೆ ‘ಔಟ್‌ಲುಕ್ ಫೈಲ್ಸ್’ ಎಂಬಲ್ಲಿ. ಎಷ್ಟು ಪಿಎಸ್‌ಟಿ ಇವೆಯೋ ಅಷ್ಟನ್ನೂ ತೆಗೆದುಕೊಳ್ಳಿ. ‘ಆರ್ಕೈವ್’ ಎಂಬ ಹೆಸರಿನ ಒಂದು ಇರುವುದುಂಟು, ಇದ್ದರೆ ಹಳೆಯದು ಅದರಲ್ಲಿರಬಹುದು.

2003ಕ್ಕಿಂತ ಹಿಂದಿನ ಔಟ್‌ಲುಕ್ ಮಾಡಿದ ಪಿಎಸ್‌ಟಿಗೆ 2 ಜಿಬಿ ಮಿತಿ ಇತ್ತು. ಆ ಗೆರೆ ಮುಟ್ಟಿದ ಫೈಲುಗಳು ಕೆಡುತ್ತಿದ್ದವು. ನಿಮ್ಮ ಹಳೇ ಪಿಎಸ್‌ಟಿ ಹೆಚ್ಚುಕಡಿಮೆ 2 ಜಿಬಿ ಇದ್ದು ತೆರೆಯಲು ತಕರಾರು ಮಾಡಿದರೆ, ಔಟ್‌ಲುಕ್ ಜೊತೆಗೇ ಬರುವ ‘ಇನ್‌ಬಾಕ್ಸ್ ರಿಪೇರ್ ಟೂಲ್’ ಅನ್ನು ಅಸಲಿನ ಮೇಲಲ್ಲ, ನಕಲಿನ ಮೇಲೆ ಓಡಿಸಿ ನೋಡಿ.

ಅದಕ್ಕೂ ಹಳೆಯ ಔಟ್‌ಲುಕ್ ಎಕ್ಸ್‌ಪ್ರೆಸ್ ಇನ್ನೂ ಮೂಲೆಯ ಎಕ್ಸ್‌ಪಿ ಮೆಷಿನ್ನಿನಲ್ಲಿ ಉಸಿರಾಡುತ್ತಿದ್ದರೆ ಒಂದು ಸುಲಭ ದಾರಿ ಇದೆ. ಅದರ ಒಳಗಿನ ಮೇಲ್‌ಗಳನ್ನೆಲ್ಲ ಸೆಲೆಕ್ಟ್ ಮಾಡಿ ಡೆಸ್ಕ್‌ಟಾಪಿನ ಒಂದು ಖಾಲಿ ಫೋಲ್ಡರಿಗೆ ಎಳೆದು ಬಿಟ್ಟರೆ, ಪ್ರತಿ ಮೇಲೂ ಒಂದೊಂದು ‘ಇಎಂಎಲ್’ ಫೈಲ್ ಆಗಿ ಕೂರುತ್ತದೆ. ಆ ಫೋಲ್ಡರನ್ನು ಪೆನ್‌ಡ್ರೈವಿನಲ್ಲಿ ಹೊಸ ಕಂಪ್ಯೂಟರಿಗೆ ತಂದು, ಥಂಡರ್‌ಬರ್ಡ್‌ಗೆ ‘ಇಂಪೋರ್ಟ್ ಎಕ್ಸ್‌ಪೋರ್ಟ್ ಟೂಲ್ಸ್ ಎನ್‌ಜಿ’ ಎಂಬ ಆ್ಯಡ್‌ಆನ್ ಹಾಕಿ ಒಳಗೆ ತೆಗೆದುಕೊಳ್ಳಬಹುದು. ಪೆನ್‌ಡ್ರೈವ್‌ನ ಮರ್ಯಾದೆಯ ಉಪಯೋಗ ಇದೊಂದೇ.

ಎರಡನೇ ಕೆಲಸ, ಪಾಪ್ ಎಳೆಯುವುದನ್ನು ನಿಲ್ಲಿಸುವುದು. ಹಳೇ ಪಾಪ್ ಅಕೌಂಟಿನ ‘ಶುರುವಾದಾಗ ಹೊಸ ಮೇಲ್ ನೋಡು’, ‘ಇಷ್ಟು ನಿಮಿಷಕ್ಕೊಮ್ಮೆ ನೋಡು’ ಎಂಬ ಎರಡೂ ಟಿಕ್ ತೆಗೆಯಿರಿ. ಜಿಮೇಲ್ ಆದರೆ ವೆಬ್ ಸೆಟ್ಟಿಂಗ್ಸ್‌ನಲ್ಲೇ ಪಾಪ್ ಆಫ್ ಮಾಡಿ. ಇದನ್ನು ಬಿಟ್ಟರೆ ನೀವು ಒಂದು ಕಡೆಯಿಂದ ಸರ್ವರ್‌ಗೆ ಏರಿಸಿದ್ದನ್ನು ಇನ್ನೊಂದು ಕಡೆಯಿಂದ ಅದೇ ಡೆಸ್ಕ್‌ಟಾಪ್ ಮತ್ತೆ ಇಳಿಸಿಕೊಳ್ಳುತ್ತಾ ಕೂರುತ್ತದೆ.

ಅಸಲು ಎಲ್ಲಿರಲಿ

ಮೂರು ದಾರಿ ಇವೆ. ಮೇಲ್ ಕೊಡುವ ಕಂಪನಿಯ ಸರ್ವರ್, ಮನೆಯಲ್ಲೇ ನಡೆಸುವ ಸಣ್ಣ ಸರ್ವರ್, ಅಥವಾ ಹೊತ್ತು ತಿರುಗುವ ಒಂದು ಡಿಸ್ಕ್. ಸಾಮಾನ್ಯ ಮನೆಗೆ, ತೋಟಕ್ಕೆ, ಹೋಮ್‌ಸ್ಟೇಗೆ ಮೊದಲನೆಯದೇ ಸರಿ. ಕೊಡಗಿನಲ್ಲಿ ಇದಕ್ಕೆ ಒಂದು ಗಟ್ಟಿ ಕಾರಣವೂ ಇದೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡ ಜಾರಿದಾಗ ಮನೆಗಳು ಕಾಗದಪತ್ರ ಸಮೇತ ಹೋದವು. ಮುಂದಿನ ವರ್ಷ ತೋರ ಗ್ರಾಮದಲ್ಲಿ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿಯಲ್ಲಿ ಗುಡ್ಡ ಜಾರಿತು. ಬೆಟ್ಟದ ಮೇಲಿನ ಒಂದೇ ಮನೆಯ ಒಂದೇ ಡಿಸ್ಕಿನಲ್ಲಿ ಇಪ್ಪತ್ತು ವರ್ಷದ ಲೆಕ್ಕಪತ್ರ ಇಡುವುದು ಬುದ್ಧಿವಂತಿಕೆ ಅಲ್ಲ.

ಜಾಗ ಸಾಕಾಗುತ್ತದೋ ಅಂತ ಮೊದಲು ಲೆಕ್ಕ ಹಾಕಿ. ಜಿಮೇಲ್‌ನಲ್ಲಿ ಬಿಟ್ಟಿ ಸಿಗುವುದು 15 ಜಿಬಿ. ಅದು ಮೇಲ್, ಡ್ರೈವ್, ಫೋಟೋಸ್ ಮೂರಕ್ಕೂ ಸೇರಿ. ಹೋಮ್‌ಸ್ಟೇ ನಡೆಸುವವರ ಅಕೌಂಟಿನಲ್ಲಿ ಸಾಮಾನ್ಯವಾಗಿ ಜಾಗ ತಿನ್ನುವುದು ಮೇಲ್‌ಗಿಂತ ಫೋನಿನಿಂದ ಏರಿದ ಫೋಟೋ, ವಿಡಿಯೋಗಳು. ಅವನ್ನು ಬೇರೆ ಕಡೆ ಸಾಗಿಸಿದರೇ ಎಷ್ಟೋ ಜಾಗ ಬಿಡುಗಡೆಯಾಗುತ್ತದೆ. ಜಿಮೇಲ್‌ನ ಹುಡುಕು ಪಟ್ಟಿಯ ಬದಿಯ ಗುರುತು ಒತ್ತಿ ‘ಸೈಜ್’ ಎಂಬಲ್ಲಿ 10 ಎಂಬಿಗಿಂತ ದೊಡ್ಡದು ಎಂದು ಕೊಟ್ಟು ನೋಡಿ, ಯಾರೋ ಕಳಿಸಿದ ಮದುವೆ ಆಲ್ಬಂಗಳು ಸಾಲಾಗಿ ಬರುತ್ತವೆ. ಇಷ್ಟಾದರೂ ಸಾಲದಿದ್ದರೆ ದುಡ್ಡು ಕೊಟ್ಟು ಜಾಗ ತೆಗೆದುಕೊಳ್ಳುವುದೇ ಲೇಸು. ಅಂಚಿನವರೆಗೆ ಮಾತ್ರ ತುಂಬಿಸಬೇಡಿ. ಜಾಗ ಮುಗಿದರೆ ಹೊಸ ಮೇಲ್ ಬರುವುದೇ ನಿಲ್ಲುತ್ತದೆ, ಡಿಸೆಂಬರ್ ರಜೆಯ ಬುಕಿಂಗ್‌ಗಳು ವಾಪಸ್ ಹೋಗುತ್ತವೆ.

ತೋಟದ ಹೆಸರಿನಲ್ಲೇ ಸ್ವಂತ ಡೊಮೇನ್ ಮಾಡಿಸಿಕೊಂಡವರು ಇನ್ನೊಂದು ನೋಡಬೇಕು. ವೆಬ್‌ಸೈಟ್ ಜೊತೆ ಸಿಗುವ ಅಗ್ಗದ ಮೇಲ್‌ಬಾಕ್ಸ್‌ಗಳಲ್ಲಿ ಜಾಗ ತುಂಬ ಕಡಿಮೆ ಇರುವುದುಂಟು. ವರ್ಷದ ಬಾಡಿಗೆ ಕಟ್ಟಲು ಮರೆತರೆ ಡೊಮೇನ್ ಜೊತೆ ಮೇಲೂ ಹೋಗುತ್ತದೆ. ಭಂಡಾರ ಇಡುವ ಜಾಗ ಅದಲ್ಲ. ಹಳೆಯದನ್ನು ಇಡಲೆಂದೇ ದೊಡ್ಡ ಕಂಪನಿಯಲ್ಲಿ ಬೇರೆ ಅಕೌಂಟ್ ತೆರೆಯಬಹುದು. ಆದರೆ ಗೂಗಲ್‌ನಲ್ಲಿ ಎರಡು ವರ್ಷ ಯಾರೂ ಲಾಗಿನ್ ಆಗದ ವೈಯಕ್ತಿಕ ಅಕೌಂಟನ್ನು ಅಳಿಸುವ ನಿಯಮ ಇದೆ, 2023ರ ಡಿಸೆಂಬರ್‌ನಿಂದ ಜಾರಿಯಲ್ಲಿದೆ. ಆಗಾಗ ತೆರೆಯುವುದು ಮರೆಯಬಾರದು.

ಫೈಲನ್ನೇ ಹಂಚಿಕೊಂಡರೆ ಯಾಕೆ ಆಗುವುದಿಲ್ಲ

ಕಂಪ್ಯೂಟರ್ ಗೊತ್ತಿರುವ ಸೋದರಳಿಯ ಮನೆಗೆ ಬಂದಾಗ ಹೇಳುವುದು ಇದು: ‘ಮಾವ, ಪಿಎಸ್‌ಟಿ ಫೈಲನ್ನು ಒನ್‌ಡ್ರೈವ್‌ಗೆ ಹಾಕಿಬಿಡಿ, ಎಲ್ಲ ಕಡೆ ಕಾಣುತ್ತದೆ.’ ಕೇಳಲು ಚೆನ್ನಾಗಿದೆ. ಪಿಎಸ್‌ಟಿಯನ್ನು ನೆಟ್‌ವರ್ಕಿನ ಮೇಲಿಟ್ಟು ತೆರೆಯುವುದಕ್ಕೆ ತನ್ನ ಬೆಂಬಲ ಇಲ್ಲ ಎಂದು ಮೈಕ್ರೋಸಾಫ್ಟ್ ಬಹಳ ಹಿಂದಿನಿಂದ ಹೇಳಿಕೊಂಡು ಬಂದಿದೆ. ಆ ಫೈಲು ಒಂದು ಸಲಕ್ಕೆ ಒಬ್ಬರು ತೆರೆಯಲು ಮಾಡಿದ್ದು. ಮಧ್ಯದಲ್ಲಿ ವೈಫೈ ಒಂದು ಕ್ಷಣ ತಪ್ಪಿದರೂ ಒಳಗಿನ ಲೆಕ್ಕ ತಪ್ಪುತ್ತದೆ.

ಥಂಡರ್‌ಬರ್ಡ್ ಪ್ರೊಫೈಲನ್ನು, ಫೈಲುಗಳನ್ನು ಎಲ್ಲ ಕಂಪ್ಯೂಟರಿನಲ್ಲೂ ಒಂದೇ ಥರ ಇಡುವ ಡ್ರಾಪ್‌ಬಾಕ್ಸ್‌ಗೋ ಸಿಂಕ್‌ಥಿಂಗ್‌ಗೋ ಹಾಕಿದರೂ ಅದೇ ಹಾಡು. ಥಂಡರ್‌ಬರ್ಡ್ ಸಾಮಾನ್ಯವಾಗಿ ‘ಎಂಬಾಕ್ಸ್’ ಪದ್ಧತಿಯಲ್ಲಿ ಒಂದು ಫೋಲ್ಡರಿನ ಎಲ್ಲ ಮೇಲನ್ನೂ ಒಂದೇ ಫೈಲಿನಲ್ಲಿ ಸಾಲಾಗಿ ಪೋಣಿಸಿ ಇಡುತ್ತದೆ. 3 ಜಿಬಿ ಇನ್‌ಬಾಕ್ಸಿಗೆ ಒಂದು ಸಣ್ಣ ಮೇಲ್ ಬಂದರೂ ಬದಲಾಗುವುದು ಆ 3 ಜಿಬಿಯ ಫೈಲು. ಮೊಬೈಲ್ ಹಾಟ್‌ಸ್ಪಾಟಿನಲ್ಲಿ ನೆಟ್ ನೋಡುವವರಿಗೆ ಅದನ್ನು ಮತ್ತೆ ಮತ್ತೆ ಸಿಂಕ್ ಮಾಡುವುದು ಆಗದ ಮಾತು. ಜೊತೆಗೆ, ಒಂದು ಕಂಪ್ಯೂಟರಿನಲ್ಲಿ ಪ್ರೊಫೈಲ್ ತೆರೆದಿದೆ ಎಂದು ತಡೆಯುವ ಬೀಗ ಅದೇ ಕಂಪ್ಯೂಟರಿಗೆ ಮಾತ್ರ. ಬೆಂಗಳೂರಿನಲ್ಲಿ ಮಗಳು ಅದೇ ಹೊತ್ತಿಗೆ ತೆರೆದರೆ ಇಲ್ಲಿ ಗೊತ್ತಾಗುವುದಿಲ್ಲ. ಒಂದೇ ದಿನದ ಚೆಕ್‌ರೋಲನ್ನು (ಆಳುಗಳ ಹಾಜರಿ ಪುಸ್ತಕ) ಇಬ್ಬರು ರೈಟರ್‌ಗಳು ಎರಡು ಕಡೆ ಕೂತು ಬರೆದು, ಸಂಜೆ ಒಂದು ಪುಸ್ತಕವನ್ನು ಇನ್ನೊಂದರ ಮೇಲೆ ಅಂಟಿಸಿದ ಹಾಗೆ ಆಗುತ್ತದೆ. ಕೊನೆಯಲ್ಲಿ ಸೇವ್ ಆದದ್ದು ಉಳಿಯುತ್ತದೆ, ಇನ್ನೊಂದು ‘ಕಾನ್‌ಫ್ಲಿಕ್ಟ್’ ಎಂಬ ಹೆಸರಿನಲ್ಲಿ ಮೂಲೆಗೆ ಬೀಳುತ್ತದೆ.

ಹೊತ್ತು ತಿರುಗುವ ಡಿಸ್ಕಿನಲ್ಲಿ ಪ್ರೊಫೈಲ್ ಇಟ್ಟು ಒಂದು ಸಲಕ್ಕೆ ಒಂದೇ ಕಂಪ್ಯೂಟರಿನಲ್ಲಿ ತೆರೆಯುವುದು, ಒಬ್ಬರೇ ಇರುವ ಮನೆಗೆ ನಡೆದೀತು. ಎಲ್ಲ ಕಂಪ್ಯೂಟರಿನಲ್ಲೂ ಥಂಡರ್‌ಬರ್ಡ್ ಒಂದೇ ಆವೃತ್ತಿಯದಾಗಿರಬೇಕು. ಹೊಸ ಆವೃತ್ತಿ ಒಮ್ಮೆ ತೆರೆದ ಪ್ರೊಫೈಲನ್ನು ಹಳೆಯದು ಮುಟ್ಟಲು ಒಪ್ಪುವುದಿಲ್ಲ.

ಏರಿಸುವುದು

ಇದು ಇಡೀ ಕೆಲಸದ ದೊಡ್ಡ ಭಾಗ. ಹಳೇ ಮೇಲ್ ಇರುವ ಕಂಪ್ಯೂಟರಿನಲ್ಲೇ ಕೂತು ಮಾಡಬೇಕು.

1. ಅದೇ ವಿಳಾಸವನ್ನು ಐಮ್ಯಾಪ್ ಆಗಿ ಸೇರಿಸಿ. ಥಂಡರ್‌ಬರ್ಡ್ ಸರ್ವರ್ ಹೆಸರನ್ನು ಸಾಮಾನ್ಯವಾಗಿ ತಾನೇ ಹುಡುಕಿಕೊಳ್ಳುತ್ತದೆ. ಪೋರ್ಟ್ 993, ಎಸ್‌ಎಸ್‌ಎಲ್/ಟಿಎಲ್‌ಎಸ್ ಎಂದಿದೆಯೇ ನೋಡಿ. ಜಿಮೇಲ್ ಆದರೆ ಬ್ರೌಸರ್ ಥರದ ಕಿಟಕಿ ತೆರೆದು ಲಾಗಿನ್ ಕೇಳುತ್ತದೆ, ಕೊಡಿ. 2010ರಂಥ ಹಳೇ ಔಟ್‌ಲುಕ್‌ಗೆ ಈ ಲಾಗಿನ್ ಗೊತ್ತಿಲ್ಲ. ಬರೀ ಪಾಸ್‌ವರ್ಡ್ ಕೊಟ್ಟು ಒಳಗೆ ಬಿಡುವುದನ್ನು ಗೂಗಲ್ 2022ರಲ್ಲಿ ನಿಲ್ಲಿಸಿತು. ಅಂಥವರು ಎರಡು ಹಂತದ ದೃಢೀಕರಣ ಹಾಕಿಕೊಂಡು ‘ಆ್ಯಪ್ ಪಾಸ್‌ವರ್ಡ್’ ಎಂಬ 16 ಅಕ್ಷರದ್ದನ್ನು ಮಾಡಿಕೊಳ್ಳಬೇಕು. ನನ್ನನ್ನು ಕೇಳಿದರೆ, ಅಷ್ಟು ಕಷ್ಟಪಡುವ ಬದಲು ಥಂಡರ್‌ಬರ್ಡ್ ಹಾಕಿಕೊಳ್ಳಿ, ದುಡ್ಡೂ ಬೇಡ.

2. ಐಮ್ಯಾಪ್ ಅಕೌಂಟಿನ ಅಡಿ ವರ್ಷಕ್ಕೊಂದು ಫೋಲ್ಡರ್ ಮಾಡಿ. ತೋಟದವರಿಗೆ ಹಣಕಾಸು ವರ್ಷದ ಲೆಕ್ಕ ಅನುಕೂಲ. ಹೆಸರು ‘2014-15’ ಎಂದಿರಲಿ, ‘2014/15’ ಬೇಡ. ಜಿಮೇಲ್ ಆ ಓರೆಗೆರೆಯನ್ನು ಕಂಡರೆ 2014ರ ಒಳಗೆ 15 ಎಂಬ ಮರಿ ಫೋಲ್ಡರ್ ಎಂದು ತಿಳಿಯುತ್ತದೆ. ಕನ್ನಡದಲ್ಲೂ ಹೆಸರಿಡಬಹುದು.

3. ಹಳೇ ಫೋಲ್ಡರಿನಲ್ಲಿ ಮೇಲ್‌ಗಳನ್ನು ತಾರೀಕಿನ ಪ್ರಕಾರ ಜೋಡಿಸಿ, ಒಂದು ವರ್ಷದ್ದನ್ನು ಸೆಲೆಕ್ಟ್ ಮಾಡಿ, ಬಲಗಡೆ ಬಟನ್ ಒತ್ತಿ ‘ಕಾಪಿ ಟು’ ಎಂದು ಹೊಸ ಫೋಲ್ಡರಿಗೆ ಕಳಿಸಿ. ‘ಮೂವ್’ ಬೇಡವೇ ಬೇಡ. ಔಟ್‌ಲುಕ್‌ನಲ್ಲಾದರೆ ಮೊದಲು ಫೈಲ್ ಮೆನುವಿನ ‘ಓಪನ್ ಆಂಡ್ ಎಕ್ಸ್‌ಪೋರ್ಟ್’ನಿಂದ ಪಿಎಸ್‌ಟಿ ತೆರೆದುಕೊಳ್ಳಬೇಕು. ಮೊದಲಿನಿಂದ ಇರುವ ‘ಕ್ಲಾಸಿಕ್’ ಔಟ್‌ಲುಕ್‌ನಲ್ಲಿ ಇದು ಸಲೀಸು.

4. ಒಂದು ಸಲಕ್ಕೆ ಐನೂರು, ಸಾವಿರ ಮೇಲ್ ಸಾಕು. ಮಧ್ಯದಲ್ಲಿ ಕರೆಂಟ್ ಹೋದರೆ ಹೋದಷ್ಟು ಹೋಗಿರುತ್ತವೆ, ಉಳಿದವು ಇಲ್ಲೇ ಇರುತ್ತವೆ. ಇಡೀ ಫೋಲ್ಡರನ್ನು ಮತ್ತೆ ಕಳಿಸಿದರೆ ಜೋಡಿ ಜೋಡಿ ಆಗುವ ಸಂಭವ ಇದೆ. ಸಣ್ಣ ಕಂತಾದರೆ ಎಲ್ಲಿ ನಿಂತಿತು ಅಂತ ಹುಡುಕುವುದು ಸುಲಭ.

5. ಗೂಗಲ್ ಐಮ್ಯಾಪ್ ಮೂಲಕ ಏರಿಸಲು ದಿನಕ್ಕೆ 500 ಎಂಬಿ, ಇಳಿಸಲು 2,500 ಎಂಬಿ ಎಂದು ಮಿತಿ ಹೇಳಿದೆ. ಅದನ್ನು ಮೀರಿದರೆ ಅಕೌಂಟ್ ಒಂದಷ್ಟು ಹೊತ್ತು ಐಮ್ಯಾಪ್‌ಗೆ ಸಿಗುವುದಿಲ್ಲ. ಗಾಬರಿ ಬೇಡ, ಮರುದಿನ ಸರಿಹೋಗುತ್ತದೆ. 8 ಜಿಬಿ ಭಂಡಾರ ಎಂದರೆ ಅರ್ಧ ತಿಂಗಳಿನ ಕೆಲಸ. ಆದ್ದರಿಂದ ಇದನ್ನು ಮಳೆಗಾಲದಲ್ಲಿ ಶುರು ಮಾಡಬೇಡಿ. ಮರ ಬಿದ್ದು ಫೈಬರ್ ಹರಿದರೆ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಕಾಫಿ ಕುಯ್ಲು ಮುಗಿದು, ಏಪ್ರಿಲ್‌ನ ಗುಡುಗು ಮಳೆ ಶುರುವಾಗುವ ಮುಂಚಿನ ಸಮಯ ಒಳ್ಳೆಯದು. ಗುಡುಗು ಕೇಳಿದರೆ ಕಂತು ಅರ್ಧಕ್ಕೆ ಬಿಟ್ಟಾದರೂ ಸರಿ, ಪ್ಲಗ್ಗನ್ನೂ ನೆಟ್ ವಯರನ್ನೂ ಕಿತ್ತುಬಿಡಿ. ಮನೆಯ ನೆಟ್ ತೀರಾ ನಿಧಾನ ಇದ್ದರೆ ಕಂಪ್ಯೂಟರನ್ನೇ ಮಡಿಕೇರಿಯಲ್ಲೋ ಕುಶಾಲನಗರದಲ್ಲೋ ಇರುವ ನೆಂಟರ ಮನೆಗೆ ಒಯ್ದು ಇಟ್ಟು ಬರುವುದು ಎಷ್ಟೋ ವಾಸಿ.

6. ಒಂದೊಂದು ವರ್ಷದ್ದನ್ನು ಏರಿಸಿದ ಮೇಲೂ ಎಣಿಕೆ ನೋಡಿ. ಥಂಡರ್‌ಬರ್ಡ್‌ನಲ್ಲಿ ಫೋಲ್ಡರ್ ಪ್ರಾಪರ್ಟೀಸ್ ತೆರೆದರೆ ಎಷ್ಟು ಮೇಲ್ ಎಂದಿರುತ್ತದೆ. ಇಲ್ಲಿಯದು, ಸರ್ವರ್‌ನದು ಒಂದೇ ಇರಬೇಕು. ಜಿಮೇಲ್ ವೆಬ್‌ನಲ್ಲಿ ಲೆಕ್ಕ ನೋಡಬೇಡಿ, ಅಲ್ಲಿ ಹೋಗಿಬಂದ ಉತ್ತರಗಳೆಲ್ಲ ಒಂದೇ ಸಾಲಾಗಿ ಎಣಿಕೆಯಾಗಿ ಕಡಿಮೆ ಕಾಣುತ್ತದೆ. ಅಲ್ಲಲ್ಲಿ ನಾಲ್ಕು ಮೇಲ್ ತೆರೆದು ಅಟ್ಯಾಚ್‌ಮೆಂಟ್ ತೆರೆಯುತ್ತದೆಯೇ ನೋಡಿ. ‘ಸೆಂಟ್’ ಫೋಲ್ಡರನ್ನು ಮರೆಯಬೇಡಿ. ವ್ಯಾಪಾರಿಗೆ ನಾವು ಏನು ದರ ಹೇಳಿದ್ದೆವು ಅನ್ನುವುದು ಇರುವುದು ಅದರಲ್ಲೇ.

ಉಳಿದ ಕಂಪ್ಯೂಟರ್‌ಗಳು

ಇಲ್ಲಿಂದ ಮುಂದೆ ಸುಲಭ. ಪ್ರತಿ ಕಂಪ್ಯೂಟರಿನಲ್ಲೂ ಅದೇ ಅಕೌಂಟನ್ನು ಐಮ್ಯಾಪ್ ಆಗಿ ಸೇರಿಸಿದರೆ ವರ್ಷದ ಫೋಲ್ಡರ್‌ಗಳು ತಾವೇ ಬರುತ್ತವೆ. ಯೋಚನೆ ಮಾಡಬೇಕಾದದ್ದು, ಯಾವುದರಲ್ಲಿ ಎಷ್ಟು ನಕಲು ಇಟ್ಟುಕೊಳ್ಳಬೇಕು ಎಂಬುದು.

ನಾಪೋಕ್ಲು, ಭಾಗಮಂಡಲ ಕಡೆ ಜುಲೈನಲ್ಲಿ ನೆಟ್ ನಂಬಿ ಕೂರುವ ಹಾಗಿಲ್ಲ. ತೋಟದ ಕಂಪ್ಯೂಟರಿನಲ್ಲಿ ಪೂರ್ತಿ ನಕಲು ಇರಲಿ. ಥಂಡರ್‌ಬರ್ಡ್‌ನಲ್ಲಿ ‘ಸಿಂಕ್ರೊನೈಸೇಶನ್ ಆಂಡ್ ಸ್ಟೋರೇಜ್’ ಒಳಗೆ ‘ಮೆಸೇಜ್‌ಗಳನ್ನು ಈ ಕಂಪ್ಯೂಟರಿನಲ್ಲಿ ಇಟ್ಟುಕೋ’ ಎಂಬ ಟಿಕ್ ಹಾಕಿ, ಎಲ್ಲ ಮೆಸೇಜ್ ಎಂದು ಆರಿಸಿ. ನೆಟ್ ಇಲ್ಲದಾಗಲೂ ಓದಬಹುದು, ಹುಡುಕಬಹುದು, ಉತ್ತರ ಬರೆದು ‘ಸೆಂಡ್ ಲೇಟರ್’ ಕೊಟ್ಟು ಔಟ್‌ಬಾಕ್ಸ್‌ನಲ್ಲಿ ಇಡಬಹುದು. ಹಾಟ್‌ಸ್ಪಾಟಿನ ಮೇಲೆ ಬದುಕುವ ಲ್ಯಾಪ್‌ಟಾಪಿಗೆ ಇತ್ತೀಚಿನ ಮೂರು ತಿಂಗಳು ಸಾಕು, ಹಳೆಯದು ಬೇಕಾದಾಗ ಒಂದೊಂದೇ ಇಳಿಯುತ್ತದೆ. ಔಟ್‌ಲುಕ್‌ನಲ್ಲಿ ಇದಕ್ಕೆ ‘ಮೇಲ್ ಟು ಕೀಪ್ ಆಫ್‌ಲೈನ್’ ಎಂಬ ಜಾರುಪಟ್ಟಿ ಇದೆ.

ಜಿಮೇಲ್‌ನವರು ಒಂದು ಸಣ್ಣ ಕೆಲಸ ಮಾಡಿದರೆ ಅರ್ಧ ಡೇಟಾ ಉಳಿಯುತ್ತದೆ. ಜಿಮೇಲ್‌ನಲ್ಲಿ ಇರುವುದು ನಿಜವಾಗಿ ಲೇಬಲ್‌ಗಳು. ಐಮ್ಯಾಪ್‌ಗೆ ಅವು ಫೋಲ್ಡರ್ ಆಗಿ ಕಾಣುತ್ತವೆ. ‘2014-15’ರ ಮೇಲ್ ಆ ಫೋಲ್ಡರಿನಲ್ಲೊಮ್ಮೆ, ‘ಆಲ್ ಮೇಲ್’ನಲ್ಲಿ ಇನ್ನೊಮ್ಮೆ, ಹೀಗೆ ಎರಡು ಸಲ ಇಳಿಯುತ್ತದೆ. ವೆಬ್ ಸೆಟ್ಟಿಂಗ್ಸ್‌ನ ಲೇಬಲ್ಸ್ ಭಾಗದಲ್ಲಿ ‘ಆಲ್ ಮೇಲ್’ ಎದುರಿನ ‘ಶೋ ಇನ್ ಐಮ್ಯಾಪ್’ ಟಿಕ್ ತೆಗೆದುಬಿಡಿ. ಆದರೆ ಗಮನಿಸಿ, ಯಾವ ಲೇಬಲ್ಲೂ ಇಲ್ಲದೆ ಬರೀ ಆರ್ಕೈವ್ ಮಾಡಿದ ಮೇಲ್‌ಗಳು ಇರುವುದು ‘ಆಲ್ ಮೇಲ್’ನಲ್ಲಿ ಮಾತ್ರ. ಅವಕ್ಕೆ ವರ್ಷದ ಲೇಬಲ್ ಹಚ್ಚಿದ ಮೇಲೆಯೇ ಟಿಕ್ ತೆಗೆಯಬೇಕು.

ಅಡ್ರೆಸ್ ಬುಕ್ ಐಮ್ಯಾಪ್ ಜೊತೆ ಬರುವುದಿಲ್ಲ, ಅದನ್ನು ಬೇರೆಯಾಗಿ ಸೇರಿಸಬೇಕು. ಥಂಡರ್‌ಬರ್ಡ್ ಗೂಗಲ್ ಕಾಂಟ್ಯಾಕ್ಟ್ಸ್‌ಗೆ ಕಾರ್ಡ್‌ಡ್ಯಾವ್ ಎಂಬ ಅಡ್ರೆಸ್ ಬುಕ್ ಹಂಚುವ ಪದ್ಧತಿಯ ಮೂಲಕ ಸಿಕ್ಕಿಕೊಳ್ಳುತ್ತದೆ. ಮೇಲ್ ವಿಂಗಡಿಸುವ ಫಿಲ್ಟರ್‌ಗಳನ್ನು ವೆಬ್‌ನಲ್ಲೇ ಮಾಡಿ. ಕಂಪ್ಯೂಟರಿನಲ್ಲಿ ಮಾಡಿದರೆ ಆ ಕಂಪ್ಯೂಟರ್ ಆನ್ ಇದ್ದಾಗ ಮಾತ್ರ ಅವು ಕೆಲಸ ಮಾಡುತ್ತವೆ.

ಆರ್ಕೈವ್ ಬಟನ್ ಎಂಬ ಗುಂಡಿ

ಎಲ್ಲ ಸರಿಯಾಗಿ ಮಾಡಿ, ಆರು ತಿಂಗಳ ನಂತರ ಮತ್ತೆ ಮೇಲ್‌ಗಳು ಒಂದೇ ಕಂಪ್ಯೂಟರಿಗೆ ಸೇರಿಕೊಳ್ಳುವ ಮನೆಗಳಿವೆ. ಅದಕ್ಕೆ ಕಾರಣ ಎರಡು.

ಔಟ್‌ಲುಕ್‌ನಲ್ಲಿ ಆಟೋಆರ್ಕೈವ್ ಎಂಬುದಿದೆ. ‘ಹಳೆಯದನ್ನು ಆರ್ಕೈವ್ ಮಾಡಲೇ’ ಎಂದು ಅದು ಕೇಳುತ್ತದೆ, ರೈಟರ್ ‘ಯೆಸ್’ ಒತ್ತುತ್ತಾರೆ, ಮೇಲ್‌ಗಳು ಆ ಕಂಪ್ಯೂಟರಿನ ಪಿಎಸ್‌ಟಿಗೆ ಇಳಿಯುತ್ತವೆ. ಇನ್ನೆಲ್ಲ ಕಡೆಯಿಂದ ಮಾಯ. ಆಪ್ಶನ್ಸ್‌ನ ಅಡ್ವಾನ್ಸ್‌ಡ್ ಭಾಗದಲ್ಲಿ ಅದನ್ನು ಎಲ್ಲ ಕಂಪ್ಯೂಟರಿನಲ್ಲೂ ಆಫ್ ಮಾಡಿ.

ಥಂಡರ್‌ಬರ್ಡ್‌ನಲ್ಲಿ ‘ಎ’ ಕೀ ಒತ್ತಿದರೆ ಮೇಲ್ ಆರ್ಕೈವ್ ಆಗುತ್ತದೆ. ಎಲ್ಲಿಗೆ ಹೋಗುತ್ತದೆ ಎಂಬುದು ‘ಕಾಪೀಸ್ ಆಂಡ್ ಫೋಲ್ಡರ್ಸ್’ ಎಂಬಲ್ಲಿ ಇದೆ. ಅದು ‘ಲೋಕಲ್ ಫೋಲ್ಡರ್ಸ್’ ಎಂದಿದ್ದರೆ ತಪ್ಪು, ನಿಮ್ಮ ಐಮ್ಯಾಪ್ ಅಕೌಂಟ್ ಆಗಿರಬೇಕು. ಅಲ್ಲೇ ವರ್ಷವಾರು ಫೋಲ್ಡರ್ ಮಾಡು ಎಂಬ ಆಯ್ಕೆಯೂ ಸಿಗುತ್ತದೆ. ‘ಸೆಂಟ್’, ‘ಡ್ರಾಫ್ಟ್ಸ್’ ಎಲ್ಲಿ ಉಳಿಯಬೇಕು ಎಂಬುದನ್ನೂ ಅದೇ ಪುಟದಲ್ಲಿ ನೋಡಿಬಿಡಿ.

ರೈಟರ್‌ಗೆ ಪಾಸ್‌ವರ್ಡ್ ಕೊಡಬೇಕೇ

ಬೇಡ. ಜಿಮೇಲ್‌ನಲ್ಲಿ ‘ಗ್ರಾಂಟ್ ಆ್ಯಕ್ಸೆಸ್’ ಎಂದು ಇದೆ. ರೈಟರ್ ತಮ್ಮದೇ ಜಿಮೇಲ್‌ನಿಂದ ತೋಟದ ಮೇಲ್‌ಬಾಕ್ಸ್ ತೆರೆದು ಓದಬಹುದು, ಉತ್ತರಿಸಬಹುದು. ಪಾಸ್‌ವರ್ಡ್ ಬದಲಿಸಲು ಆಗುವುದಿಲ್ಲ. ಅವರು ಕೆಲಸ ಬಿಟ್ಟ ದಿನ ಒಂದು ಕ್ಲಿಕ್‌ನಲ್ಲಿ ತೆಗೆದರಾಯಿತು. ಆದರೆ ಇದು ಬ್ರೌಸರಿನಲ್ಲಿ ಬಳಸುವಂಥದ್ದು, ಥಂಡರ್‌ಬರ್ಡ್‌ಗೆ ಸಿಗುವುದಿಲ್ಲ. ನೆಟ್ ಸರಿಯಿಲ್ಲದ ಆಫೀಸಿನಲ್ಲಿ ಪೂರ್ತಿ ನಕಲೇ ಬೇಕೆಂದರೆ ಯಜಮಾನರೇ ಲಾಗಿನ್ ಮಾಡಿಕೊಟ್ಟು, ವಿಂಡೋಸ್‌ಗೆ ಒಂದು ಪಾಸ್‌ವರ್ಡ್ ಹಾಕಿ ಇಡಬೇಕು. ಎರಡರಲ್ಲಿ ಯಾವುದು ಎಂಬುದು ನಿಮ್ಮ ಮನೆಯ ವಿಶ್ವಾಸದ ಪ್ರಶ್ನೆ, ನಾನು ತಲೆ ಹಾಕುವುದಿಲ್ಲ.

ಮನೆಯಲ್ಲೇ ಸರ್ವರ್

ಹಳೇ ಮೇಲನ್ನು ಬೇರೆಯವರ ಕೈಗೆ ಕೊಡಲು ಇಷ್ಟವಿಲ್ಲದವರಿಗೆ ಡವ್‌ಕಾಟ್ ಎಂಬ ಬಿಟ್ಟಿ ಐಮ್ಯಾಪ್ ಸರ್ವರ್ ಇದೆ. ಲಿನಕ್ಸ್ ಹಾಕಿದ ಹಳೇ ಕಂಪ್ಯೂಟರಿನಲ್ಲೋ ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರಿನಲ್ಲೋ ಓಡುತ್ತದೆ. ‘ಮೇಲ್‌ಡಿರ್’ ಪದ್ಧತಿಯಲ್ಲಿ ಪ್ರತಿ ಮೇಲನ್ನೂ ಬೇರೆ ಫೈಲಾಗಿ ಇಡುವುದರಿಂದ ಕೆಡುವ ಭಯ ಕಡಿಮೆ. ಹೊರಗಿನಿಂದ ತಲುಪಲು ಟೇಲ್‌ಸ್ಕೇಲ್‌ನಂಥ ವಿಪಿಎನ್ (ನೆಟ್ ಮೇಲಿನ ಖಾಸಗಿ ದಾರಿ) ಬೇಕಾಗುತ್ತದೆ, ಏಕೆಂದರೆ ಬಹಳಷ್ಟು ನೆಟ್ ಕಂಪನಿಗಳು ಮನೆಗೆ ಸ್ವಂತ ಸಾರ್ವಜನಿಕ ಐಪಿ ವಿಳಾಸ ಕೊಡುವುದಿಲ್ಲ. ಕೇಳಲು ಚೆಂದ. ಆದರೆ ಕರೆಂಟ್ ಹೋಗಿ ಬಂದಾಗಲೆಲ್ಲ ಅದನ್ನು ಎಬ್ಬಿಸುವ, ಆಗಾಗ ಅಪ್‌ಡೇಟ್ ಮಾಡುವ ಒಬ್ಬರು ಮನೆಯಲ್ಲೇ ಇರಬೇಕು. ಆ ಒಬ್ಬರು ಓದಲು ಬೆಂಗಳೂರಿಗೆ ಹೋದ ಮೇಲೆ ಏನು ಎಂದು ಮೊದಲೇ ಕೇಳಿಕೊಳ್ಳಿ.

ಸಿಂಕ್ ಇದ್ದರೆ ಬ್ಯಾಕಪ್ ಬೇಡವೇ

ಬೇಕು. ಮೂರು ಕಂಪ್ಯೂಟರಿನಲ್ಲಿ ಇದೆಯಲ್ಲ ಎಂದು ಸಮಾಧಾನಪಡಬೇಡಿ. ತೋಟದಲ್ಲಿ ಯಾರೋ ‘2014-15’ ಫೋಲ್ಡರಿನ ಮೇಲ್‌ಗಳನ್ನು ಅಳಿಸಿದರೆ ಬೆಂಗಳೂರಿನಲ್ಲೂ ಅಳಿಯುತ್ತವೆ. ಜಿಮೇಲ್ ಟ್ರ್ಯಾಶ್‌ನಲ್ಲಿ 30 ದಿನ ಇರುತ್ತವೆ, ಆಮೇಲೆ ಇಲ್ಲ. ಅಷ್ಟರಲ್ಲಿ ಯಾರಾದರೂ ಗಮನಿಸುತ್ತಾರೆ ಎಂದು ಹೇಳಲಾಗದು. ಹಳೇ ಫೋಲ್ಡರನ್ನು ವರ್ಷಕ್ಕೊಮ್ಮೆ ಆಡಿಟ್ ಸಮಯದಲ್ಲಿ ಮಾತ್ರ ತೆರೆಯುತ್ತೇವೆ.

ಗೂಗಲ್ ಟೇಕ್‌ಔಟ್‌ಗೆ ಹೋಗಿ ಮೇಲ್ ಒಂದನ್ನೇ ಆರಿಸಿ ಎಕ್ಸ್‌ಪೋರ್ಟ್ ಕೇಳಿದರೆ ಎಂಬಾಕ್ಸ್ ಫೈಲ್ ಸಿಗುತ್ತದೆ. ಎರಡು ತಿಂಗಳಿಗೊಮ್ಮೆ, ಒಂದು ವರ್ಷದವರೆಗೆ ತಾನೇ ಮಾಡು ಎಂಬ ಆಯ್ಕೆಯೂ ಇದೆ. ಇಳಿಸಿಕೊಳ್ಳುವ ಲಿಂಕ್ ಕೆಲವೇ ದಿನ ಇರುತ್ತದೆ, ಬಂದ ಕೂಡಲೇ ತೆಗೆದುಕೊಳ್ಳಿ. ಈ ಫೈಲನ್ನು ಎರಡು ಡಿಸ್ಕಿಗೆ ಹಾಕಿ, ಒಂದು ಮನೆಯಲ್ಲಿ, ಇನ್ನೊಂದು ಘಟ್ಟದ ಕೆಳಗಿನ ಅಥವಾ ಮೈಸೂರಿನ ನೆಂಟರ ಬೀರುವಿನಲ್ಲಿ ಇರಲಿ.

ಮನೆಯ ಡಿಸ್ಕಿಗೆ ದೊಡ್ಡ ಶತ್ರು ಇಲ್ಲಿನ ತೇವ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೀರುವಿನ ಒಳಗಿನ ಚರ್ಮದ ಬೆಲ್ಟಿಗೇ ಬೂಷ್ಟು ಹಿಡಿಯುವಾಗ ಡಿಸ್ಕಿನ ಕನೆಕ್ಟರ್ ತುಕ್ಕು ಹಿಡಿಯದೆ ಇರದು. ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಎರಡು ಮೂರು ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡಿ. ಬಣ್ಣ ಬದಲಾಗುವ ಜಾತಿಯದಾದರೆ ಒದ್ದೆಯಾಗಿದೆ ಎಂದು ಕಣ್ಣಿಗೇ ಗೊತ್ತಾಗುತ್ತದೆ. ಮಳೆಗಾಲಕ್ಕೆ ಮುಂಚೆ ಒಮ್ಮೆ, ನವೆಂಬರ್-ಡಿಸೆಂಬರ್‌ನ ಹುತ್ತರಿ ಹಬ್ಬದ ಹೊತ್ತಿಗೆ ಒಮ್ಮೆ ಡಿಸ್ಕನ್ನು ಕಂಪ್ಯೂಟರಿಗೆ ಹಾಕಿ, ಎಂಬಾಕ್ಸ್ ಫೈಲನ್ನು ಥಂಡರ್‌ಬರ್ಡ್‌ಗೆ ಇಂಪೋರ್ಟ್ ಮಾಡಿ, ಹಳೆಯದೊಂದು ಮೇಲ್ ತೆರೆಯುತ್ತದೆಯೇ ನೋಡಿ.

ಶುರುವಿನಲ್ಲಿ ನಕಲು ಮಾಡಿಟ್ಟ ಹಳೇ ಪಿಎಸ್‌ಟಿ, ಪ್ರೊಫೈಲ್ ಫೋಲ್ಡರ್‌ಗಳನ್ನು ಒಂದು ಪೂರ್ತಿ ಆಡಿಟ್ ಮುಗಿಯುವವರೆಗೆ ಅಳಿಸಬೇಡಿ. ಆಮೇಲೆ ತೋಟದ ಆ ಹಳೇ ಡೆಸ್ಕ್‌ಟಾಪನ್ನು ಮಾರುವುದಾದರೆ ಅದರಿಂದ ಅಕೌಂಟ್ ತೆಗೆದರೆ ಸಾಲದು, ಹಾರ್ಡ್ ಡಿಸ್ಕನ್ನೇ ಬಿಚ್ಚಿ ಇಟ್ಟುಕೊಂಡು ಮಿಕ್ಕದ್ದನ್ನು ಕೊಡಿ.